ಆಫ್ರಿಕಾದ ಕಾಡಿಗೆ ಹೊರಟ ನಮ್ಮ ಖಾಕಿ ದಂಡು

ನಾನು ಈ ಕೆಲಸಕ್ಕೆ ಸೇರಿದಾಗ ಇದಕ್ಕೊಂದು ಸರಿಯಾದ ಹೆಸರೇ ಇರಲಿಲ್ಲ. ಈಗ ನಿಮ್ಮ ಕೊರಳಿಗೆ ‘ಟೂರ್ ಮ್ಯಾನೇಜರ್’ ಎಂದು ಬರೆದ ಕಾರ್ಡು ಹಾಕುತ್ತಾರೆ. ನನ್ನನ್ನು ಹೊನ್ನಾಳಿ, ನ್ಯಾಮತಿ ಕಡೆಯ ಜನ ಊಟ ಚೆನ್ನಾಗಿದ್ದ ದಿನ ‘ಟೂರಿನ ಹಾಲೇಶಪ್ಪನವರು’ ಎಂದೂ, ಸಾರಿಗೆ ಉಪ್ಪು ಹೆಚ್ಚಾದ ದಿನ ‘ಆ ಬಸ್ಸಿನೋನು’ ಎಂದೂ ಕರೆಯುತ್ತಿದ್ದರು. ಮೊನ್ನೆ ನಮ್ಮ ಕಚೇರಿಗೆ ಹೊಸದಾಗಿ ಸೇರಿದವರು ನಾಲ್ಕು ಜನ ಮನೆಗೆ ಬಂದು, “ಗುಂಪು ಕಟ್ಟಿಕೊಂಡು ಕಾಡಿಗೆ ಹೋಗುವಾಗ ಏನೇನು ನೋಡಿಕೊಳ್ಳಬೇಕು, ಬರೆದುಕೊಡಿ ಸರ್” ಎಂದರು. ಬರೆಯಲು ಕೂತಿದ್ದೇನೆ. ಒಂದು, ಎರಡು, ಮೂರು ಎಂದು ನಂಬರು ಹಾಕಿ ಕೊಟ್ಟರೆ ನೀವು ಓದುವವರಲ್ಲ ಎಂಬುದು ನಿಮ್ಮ ಮುಖ ನೋಡಿದಾಗಲೇ ಗೊತ್ತಾಯಿತು. ಹಾಗಾಗಿ ನಡೆದದ್ದನ್ನೇ ಹೇಳುತ್ತೇನೆ.

ಎಪ್ಪತ್ತರ ದಶಕದಲ್ಲಿ ಚನ್ನಗಿರಿಯಲ್ಲಿ ನಮ್ಮ ಯಜಮಾನರಿಗೆ ಎರಡು ಬಸ್ಸುಗಳಿದ್ದವು. ಮದುವೆಯ ಕಾಲದಲ್ಲಿ ಅವು ದಿಬ್ಬಣ ಹೊರುತ್ತಿದ್ದವು. ಉಳಿದ ಕಾಲದಲ್ಲಿ ಪ್ರವಾಸ. ನ್ಯಾಮತಿಯಿಂದ ಬಂದ ನನ್ನನ್ನು ಯಜಮಾನರು ಕೆಲಸಕ್ಕೆ ತೆಗೆದುಕೊಂಡದ್ದು ನನಗೆ ಇಂಗ್ಲಿಷ್ ಬರುತ್ತದೆ ಎಂದು. ನನಗೆ ಎಷ್ಟು ಬರುತ್ತದೆ ಎಂದು ಅಳೆಯುವಷ್ಟು ಇಂಗ್ಲಿಷ್ ಅವರಿಗೆ ಬರುತ್ತಿರಲಿಲ್ಲ. ಅದು ನನ್ನ ಪುಣ್ಯ.

ನಾನು ಮೊದಲು ಕಾಡಿಗೆ ಕರೆದುಕೊಂಡು ಹೋದದ್ದು ಹೊನ್ನಾಳಿ ಮತ್ತು ಜಗಳೂರಿನವರು ಸೇರಿದ ಒಂದು ಬಸ್ಸು ಜನವನ್ನು, ಬಂಡೀಪುರಕ್ಕೆ. ಕಾಡಿನೊಳಗೆ ಸದ್ದು ಮಾಡಬಾರದು ಎಂದು ನಾನು ದಾರಿಯುದ್ದಕ್ಕೂ ಹೇಳಿದ್ದೆ. ನಮ್ಮವರು ಬಹಳ ವಿಧೇಯರಾಗಿ, ಸದ್ದು ಮಾಡಬಾರದು ಎಂದು ಒಬ್ಬರಿಗೊಬ್ಬರು ಗಟ್ಟಿಯಾಗಿ ಹೇಳಿಕೊಳ್ಳುತ್ತಾ ಹೋದರು. ಒಬ್ಬರು ಟ್ರಾನ್ಸಿಸ್ಟರ್ ತಂದಿದ್ದರು. ಅದರಲ್ಲಿ ಪ್ರದೇಶ ಸಮಾಚಾರ ಬರುವ ಹೊತ್ತಿಗೆ ಸರಿಯಾಗಿ ಒಂದು ಜಿಂಕೆಯ ಹಿಂಡು ಕಂಡಿತು. ಸಮಾಚಾರ ಕೇಳಿ ಅದು ಹೊರಟುಹೋಯಿತು. ಕೊನೆಗೆ ನಾವು ಕಂಡದ್ದು ಒಂದು ನವಿಲು, ಮತ್ತೆ ನಮ್ಮ ಬುತ್ತಿಯನ್ನೇ ನೋಡುತ್ತಾ ಕೂತಿದ್ದ ಒಂದಿಷ್ಟು ಮುಸುವಗಳು. ವಾಪಸು ಬಂದ ಮೇಲೆ ಯಜಮಾನರ ಮುಂದೆ ತಲೆ ತಗ್ಗಿಸಿ ನಿಂತೆ. ಅವರು ಎಲೆಗೆ ಸುಣ್ಣ ಹಚ್ಚುತ್ತಾ ಹೇಳಿದರು:

“ಪ್ರಾಣಿ ಕಾಣ್ಲಿಲ್ಲ ಅಂದ್ರೆ ಜನ ಒಂದು ವಾರ ಬೈತಾರೆ. ಊಟ ಸರಿ ಇಲ್ಲ ಅಂದ್ರೆ ಮೊಮ್ಮಕ್ಕಳ ಕಾಲಕ್ಕೂ ಬೈತಾರೆ. ನೀನು ಅಡಿಗೆಯೋನ್ನ ನೋಡ್ಕ. ಆನೆನ ದೇವ್ರು ನೋಡ್ಕಂತಾನೆ.”

ಇದನ್ನೇ ನಂಬಿಕೊಂಡು ಎಷ್ಟೋ ವರ್ಷ ಕೆಲಸ ಮಾಡಿದೆ. ಬಂಡೀಪುರ, ನಾಗರಹೊಳೆ, ಕಾಶಿ, ರಾಮೇಶ್ವರ ಎಲ್ಲ ಸುತ್ತಿದೆ. ಊಟಕ್ಕೆ ಯಾರೂ ಬೈಯಲಿಲ್ಲ. ಇನ್ನು ಕಲಿಯುವುದೇನೂ ಉಳಿದಿಲ್ಲ ಎಂದುಕೊಂಡಿದ್ದೆ.

ಆಮೇಲೆ ಎಂಬತ್ತರ ದಶಕದಲ್ಲಿ ಒಂದು ಬೆಳಿಗ್ಗೆ ಹೊನ್ನಾಳಿಯ ಬಸವನಗೌಡರು ಬಂದರು. ಗೌಡರು ಮಾತುಗಾರರು. ಕೇಳುವವರು ಎದ್ದುಹೋದರೂ ಅವರ ಮಾತು ಕುರ್ಚಿಯ ಜೊತೆ ಮುಂದುವರಿಯುತ್ತಿತ್ತು. ಅವರ ಅಳಿಯ ಆಫ್ರಿಕಾದ ಜಾಂಬಿಯಾ ದೇಶದಲ್ಲಿ ಮೇಷ್ಟ್ರಾಗಿದ್ದರು.

“ಅಳಿಯ ಕರೀತಾನೆ ಇದಾನೆ ಯಜಮಾನ್ರೆ. ಅಲ್ಲಿ ಸಿಂಹ, ಜಿರಾಫೆ ಎಲ್ಲ ರಸ್ತೆ ಮ್ಯಾಲೇ ಓಡಾಡ್ತಾವಂತೆ. ನಾನೊಬ್ನೇ ಹೋಗಿ ನೋಡ್ಕಂಡು ಬಂದ್ರೆ ಹೊನ್ನಾಳ್ಯಾಗೆ ಒಬ್ಬನೂ ನಂಬಲ್ಲ. ಸಾಕ್ಷಿಗೆ ಒಂದು ಗುಂಪು ಬೇಕು.”

ಯಜಮಾನರು ನನ್ನ ಕಡೆ ತಿರುಗಿ, “ಹಾಲೇಶ, ನೀನೇ ಹೋಗಿ ಬಾ. ಅದೂ ಬಂಡೀಪುರ ಇದ್ದಂಗೇ. ವಸಿ ದೂರ ಅಷ್ಟೇ” ಎಂದರು.

ಗುಂಪು ಸೇರಿತು. ಚನ್ನಗಿರಿಯಲ್ಲಿ ಅಡಿಕೆ ಮಂಡಿ ಇಟ್ಟಿದ್ದ ರುದ್ರಪ್ಪನವರು ಹಿರಿಯರು, ತಾವಾಗಿಯೇ ಗುಂಪಿನ ಮುಖಂಡರಾದರು. ಅವರ ಹೆಂಡತಿ ಪಾರ್ವತಮ್ಮನವರ ತವರು ಸೂಳೆಕೆರೆ ಏರಿಯ ಪಕ್ಕದ ಹಳ್ಳಿ. ಅವರು ಮಾತಾಡಿದ್ದನ್ನು ನಾನು ಬೊಂಬಾಯಿ ಮುಟ್ಟುವವರೆಗೂ ಕೇಳಿರಲಿಲ್ಲ. ಜಗಳೂರಿನ ಹೆಣ್ಣುಮಕ್ಕಳ ಶಾಲೆಯಲ್ಲಿ ಹೆಡ್‌ಮಿಸ್ ಆಗಿದ್ದ ಗಿರಿಜಮ್ಮ ಮೇಡಂ ಬಂದರು. ಬಸವಾಪಟ್ಟಣದ ಗಂಡ ಹೆಂಡತಿ ಒಂದು ಜೋಡಿ, ಸಾಸ್ವೆಹಳ್ಳಿಯ ಅಣ್ಣತಮ್ಮಂದಿರು ಇಬ್ಬರು. ಇವರ ಜೊತೆಗೆ ಗೌಡರು ಮತ್ತು ನಾನು.

ಗೌಡರ ಅಳಿಯ ಮೊದಲೇ ಬರೆದು ತಿಳಿಸಿದ್ದರು. ಇದು ಈಗಲೂ ನಿಮಗೆ ಉಪಯೋಗಕ್ಕೆ ಬರುತ್ತದೆ, ಕೇಳಿ. ಗಟ್ಟಿ ಪೆಟ್ಟಿಗೆ ತರಬೇಡಿ. ಕಾಡಿಗೆ ಹೋಗುವ ವಿಮಾನ ಸಣ್ಣದು, ಮೆತ್ತನೆಯ ಚೀಲವಾದರೆ ಸಂದಿಯಲ್ಲಿ ತುರುಕಬಹುದು. ಹಳದಿ ಜ್ವರದ ಸೂಜಿಯನ್ನು ಬೆಂಗಳೂರಿನಲ್ಲೇ ಹಾಕಿಸಿಕೊಳ್ಳಿ. ಮಲೇರಿಯಾ ಮಾತ್ರೆಯನ್ನು ಹೊರಡುವ ಮುಂಚೆಯೇ ಶುರು ಮಾಡಿ. ಬೆಳಿಗ್ಗೆ ತೆರೆದ ಜೀಪಿನಲ್ಲಿ ಚಳಿ, ಮಧ್ಯಾಹ್ನ ಬೆಂಕಿ. ಒಂದರ ಮೇಲೊಂದು ಹಾಕಿಕೊಂಡು ಬಂದು ಒಂದೊಂದೇ ತೆಗೆಯುವಂತಿರಲಿ. ನೀಲಿ ಮತ್ತು ಕಪ್ಪು ಬಟ್ಟೆ ಖಂಡಿತ ಬೇಡ, ಅಲ್ಲಿ ತ್ಸೆತ್ಸೆ ಎಂಬ ಕಚ್ಚುವ ನೊಣಕ್ಕೆ ಆ ಬಣ್ಣಗಳೆಂದರೆ ಪ್ರಾಣ. ಬಿಳಿಯೂ ಬೇಡ, ಪ್ರಾಣಿಗಳಿಗೆ ದೂರದಿಂದಲೇ ಕಾಣುತ್ತದೆ. ಮಣ್ಣಿನ ಬಣ್ಣ ಒಳ್ಳೆಯದು.

ಈ ಕೊನೆಯ ಮಾತು ರುದ್ರಪ್ಪನವರಿಗೆ ಹಿಡಿಸಲಿಲ್ಲ. ಅವರು ಹುಟ್ಟಿದಾಗಿನಿಂದ ಬಿಳಿ ಬಿಟ್ಟು ಬೇರೆ ತೊಟ್ಟವರಲ್ಲ. “ಸಿಂಹಕ್ಕೆ ಕಾಣಬಾರದು ಅಂತ ನಾನ್ಯಾಕ್ರಿ ಬಣ್ಣ ಬದಲಾಯಿಸ್ಲಿ?” ಎಂದು ವಾದಿಸಿದರು. ಗಿರಿಜಮ್ಮ ಮೇಡಂ, “ನೀವು ಸಿಂಹ ನೋಡಬೇಕೋ, ಸಿಂಹ ನಿಮ್ಮನ್ನ ನೋಡಬೇಕೋ, ಮೊದ್ಲು ತೀರ್ಮಾನ ಮಾಡ್ರಿ” ಎಂದಮೇಲೆ ಒಪ್ಪಿದರು. ಚನ್ನಗಿರಿಯ ಟೈಲರ್ ಗಂಡಸರಿಗೆಲ್ಲ ಒಂದೇ ತಾನಿನಲ್ಲಿ ಖಾಕಿ ಪ್ಯಾಂಟು, ಖಾಕಿ ಅಂಗಿ ಹೊಲಿದ. ಆತನಿಗೆ ಖಾಕಿ ಎಂದರೆ ಒಂದೇ ಮಾದರಿ ಗೊತ್ತಿದ್ದದ್ದು: ಎದೆಗೆ ಎರಡು ಮುಚ್ಚಳದ ಜೇಬು, ಹೆಗಲಿಗೆ ಪಟ್ಟಿ.

ಹೊರಟ ದಿನ ದಾವಣಗೆರೆ ಬಸ್ ನಿಲ್ದಾಣದಲ್ಲಿ ಇಳಿದು ನಿಂತಿದ್ದೆವು. ಒಬ್ಬ ಅಜ್ಜಿ ನೇರವಾಗಿ ರುದ್ರಪ್ಪನವರ ಬಳಿ ಬಂದು ಅವರ ಅಂಗಿ ಜಗ್ಗಿದಳು.

“ಏ ಕಂಡಕ್ಟರಪ್ಪಾ, ಜಗಳೂರಿಗೆ ಹೋಗೋ ಬಸ್ಸು ಯಾವ್ದು?”

ರುದ್ರಪ್ಪನವರ ಮೀಸೆ ಅಲುಗಿತು. “ನಾನು ಕಂಡಕ್ಟರಲ್ಲಮ್ಮಾ!”

“ಹಂಗಾದ್ರೆ ಡ್ರೈವರೇನು? ಇನ್ನೂ ಯಾಕೆ ಬಸ್ ಹತ್ತದೆ ಇಲ್ಲಿ ನಿಂತಿದೀಯಪ್ಪ, ಟೈಮಾತು.”

ಗೌಡರು ಕಂಬ ಹಿಡಿದುಕೊಂಡು ನಗುತ್ತಿದ್ದರು. ಆಗ ನಾನು ಪಾರ್ವತಮ್ಮನವರನ್ನು ಮೊದಲ ಸಲ ಸರಿಯಾಗಿ ನೋಡಿದೆ. ಅವರು ಸೆರಗಿನಿಂದ ಬಾಯಿ ಮುಚ್ಚಿಕೊಂಡು, ಭುಜ ಕುಲುಕುವಷ್ಟು ನಗುತ್ತಿದ್ದರು. ಗಂಡ ತಿರುಗಿ ನೋಡಿದ ಕೂಡಲೇ ಮುಖ ಮತ್ತೆ ಮೊದಲಿನಂತಾಯಿತು.

ಪಾರ್ವತಮ್ಮನವರ ತೊಂದರೆ ಬೇರೆ. ಅವರು ತಂದಿದ್ದ ಟ್ರಂಕಿನ ತುಂಬ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಉಪ್ಪಿನಕಾಯಿ. ಜಾಂಬಿಯಾದ ರಾಜಧಾನಿ ಲುಸಾಕಾದಲ್ಲಿ ಇಳಿದು, ಆ ಟ್ರಂಕನ್ನು ಗೌಡರ ಅಳಿಯನ ಮನೆಯಲ್ಲಿ ಬಿಟ್ಟು, ಒಳಗಿದ್ದದ್ದನ್ನೆಲ್ಲ ಬಟ್ಟೆಯ ಚೀಲಕ್ಕೆ ಸುರಿದೆವು. ಸಣ್ಣ ವಿಮಾನದ ಹತ್ತಿರ ಚೀಲಗಳನ್ನು ತೂಗಿದ ಮೇಲೆ ಜನರನ್ನೂ ಒಬ್ಬೊಬ್ಬರನ್ನಾಗಿ ತಕ್ಕಡಿಯ ಮೇಲೆ ನಿಲ್ಲಿಸಿದರು. ಗೌಡರು ನಿಂತಾಗ ಮುಳ್ಳು ಬಹಳ ದೂರ ಹೋಯಿತು. ರುದ್ರಪ್ಪನವರು ಮಂಡಿಯ ಅಭ್ಯಾಸದಲ್ಲಿ ಬಗ್ಗಿ ನೋಡಿ, “ಹಸಿ ಮಾಲು. ತೇವದ ಬಾಬ್ತು ವಸಿ ಕಳೀರಿ” ಎಂದರು. ಕಂಡಕ್ಟರ್ ಪ್ರಸಂಗಕ್ಕೆ ಲೆಕ್ಕ ಅಲ್ಲಿಗೆ ಚುಕ್ತಾ ಆಯಿತು.

ಲುವಾಂಗ್ವಾ ನದಿಯ ದಡದಲ್ಲಿ ಹುಲ್ಲಿನ ಗುಡಿಸಲುಗಳ ಬಿಡಾರ. ನಮ್ಮ ಜೀಪಿನ ಚಾಲಕರೂ ಕಾಡಿನ ಮಾರ್ಗದರ್ಶಿಯೂ ಆಗಿದ್ದವರು ಫಿರಿ ಎಂಬ ಐವತ್ತರ ಹತ್ತಿರದ ಮನುಷ್ಯ. ಅವರು ಹೇಳಿದ್ದನ್ನು ನಾನು ನಮ್ಮವರಿಗೆ ಕನ್ನಡದಲ್ಲಿ ಹೇಳಿದೆ: ಜೀಪಿನಲ್ಲಿ ಎದ್ದು ನಿಲ್ಲಬಾರದು, ಕೂಗಬಾರದು, ತಾವು ಹೇಳದೆ ನೆಲಕ್ಕೆ ಕಾಲು ಇಡಬಾರದು.

ಮೊದಲ ಬೆಳಿಗ್ಗೆಯೇ ತಕರಾರು. ಸೂರ್ಯ ಹುಟ್ಟುವಾಗ ಹೊರಡಬೇಕು. ಶಿವಪೂಜೆಯಾಗದೆ ರುದ್ರಪ್ಪನವರು ಚಹಾ ಕೂಡ ಮುಟ್ಟುವವರಲ್ಲ. “ಪ್ರಾಣಿ ಎಲ್ಲಿ ಹೋಗ್ತಾವ್ರಿ? ಅವೂ ಇಲ್ಲೇ ಇರ್ತಾವೆ, ನಾವೂ ಇಲ್ಲೇ ಇರ್ತೀವಿ” ಎಂದರು. ಸಾಸ್ವೆಹಳ್ಳಿಯ ಅಣ್ಣತಮ್ಮಂದಿರು ಜೀಪಿನಲ್ಲಿ ಕೂತು ಗೊಣಗತೊಡಗಿದರು. ನಾನು ಅಡಿಗೆಯವನನ್ನು ಬೇಡಿಕೊಂಡು, ಮರುದಿನದಿಂದ ಕತ್ತಲು ಇರುವಾಗಲೇ ಒಂದು ಬಕೆಟ್ ಬಿಸಿನೀರು ಸಿಗುವಂತೆ ಮಾಡಿದೆ. ಅಂಗೈಯಲ್ಲಿ ಲಿಂಗ ಹಿಡಿದು ರುದ್ರಪ್ಪನವರು ಗುಡಿಸಲ ಮುಂದೆ ಕಣ್ಣು ಮುಚ್ಚಿ ಕೂತಾಗ ಹೊಳೆಯೊಳಗಿಂದ ನೀರುಕುದುರೆ ಗುರ್ರ್ ಎನ್ನುತ್ತಿತ್ತು. ಪೂಜೆ ಮುಗಿಸಿ ಅದನ್ನು ನೋಡಿ ಬಂದವರು, “ಇದ್ಯಾವ ಕುದುರೇರಿ? ನಮ್ಮೂರ ಎಮ್ಮೆಗೆ ಗಾಳಿ ಹೊಡೆದಂಗೈತೆ” ಎಂದರು.

ಊಟದ ಬಗ್ಗೆ ನನಗಿದ್ದ ಭಯವೆಲ್ಲ ಒಂದೇ ದಿನಕ್ಕೆ ಹೋಯಿತು. ಅಲ್ಲಿಯ ಜನ ಮೆಕ್ಕೆಜೋಳದ ಹಿಟ್ಟಿನಲ್ಲಿ ನ್ಶಿಮಾ ಎಂದು ಮಾಡುತ್ತಾರೆ. ನೋಡಲು ಬಿಳಿ ಮುದ್ದೆ. ಜೊತೆಗೆ ಶೇಂಗಾ ಪುಡಿ ಹಾಕಿದ ಸೊಪ್ಪಿನ ಪಲ್ಯ. ಗಿರಿಜಮ್ಮ ಮೇಡಂ ಮುರಿದು ಬಾಯಿಗಿಟ್ಟು, “ಸಮುದ್ರ ದಾಟಿ ಬಂದ್ರೂ ಮುದ್ದೆ ಬಿಡಲಿಲ್ಲ ನೋಡ್ರಿ ನಮ್ಮನ್ನ” ಎಂದರು. ಅಡಿಗೆಯವನು ಚಟ್ನಿಪುಡಿಯ ರುಚಿ ನೋಡಿ ಕಣ್ಣಲ್ಲಿ ನೀರು ತಂದುಕೊಂಡ, ಆದರೂ ಮತ್ತೆ ಕೈ ಚಾಚಿದ. ಊಟ ಗೆದ್ದಿತು. ಆನೆಯನ್ನು ದೇವರು ನೋಡಿಕೊಳ್ಳುತ್ತಾನೆ. ನಾನು ನೆಮ್ಮದಿಯಾಗಿ ಮಲಗಿದೆ.

ಇಲ್ಲಿಂದ ಮುಂದಿನದನ್ನು ಸ್ವಲ್ಪ ಗಮನ ಕೊಟ್ಟು ಓದಿ.

ಮೂರನೆಯ ದಿನ ದೂರದ ಒಂದು ಹಳ್ಳಕ್ಕೆ ಹೋಗಿ ಸಂಜೆಗೆ ಬರುವುದೆಂದಾಗಿತ್ತು. ಮಧ್ಯಾಹ್ನದ ಹೊತ್ತಿಗೆ ಜೀಪಿನ ಕಂಬಿ ಮುಟ್ಟಲಾಗದಷ್ಟು ಬಿಸಿಲು. ನಾನು ಆಗಾಗ ನೀರಿನ ಬಾಟಲಿಯನ್ನು ಎಲ್ಲರಿಗೂ ಕೊಡುತ್ತಿದ್ದೆ. ಗಂಡಸರು ಗಟಗಟ ಕುಡಿಯುತ್ತಿದ್ದರು. ಪಾರ್ವತಮ್ಮನವರು, “ಬ್ಯಾಡ್ರಿ, ನಂಗೆ ದಾಹ ಇಲ್ಲ” ಎಂದು ಬಾಟಲಿಯನ್ನು ಮುಂದಿನವರಿಗೆ ದಾಟಿಸುತ್ತಿದ್ದರು. ಎಂಥ ಗಟ್ಟಿ ಹೆಂಗಸು, ಬಿಸಿಲು ಮುಟ್ಟುವುದೇ ಇಲ್ಲವಲ್ಲ ಎಂದು ನಾನು ಮನಸ್ಸಿನಲ್ಲೇ ಮೆಚ್ಚಿಕೊಂಡೆ. ನನ್ನ ಬುದ್ಧಿ ಆಗ ಅಷ್ಟೇ ದೂರ ಓಡುತ್ತಿತ್ತು.

ವಾಪಸು ಬರುವಾಗ ಅವರ ತಲೆ ಗಿರಿಜಮ್ಮ ಮೇಡಂ ಹೆಗಲಿಗೆ ವಾಲಿತು. ನಿದ್ದೆ ಎಂದುಕೊಂಡೆವು. ಮೇಡಂ ಕೆನ್ನೆ ಮುಟ್ಟಿ ನೋಡಿ ಚೀರಿದರು:

“ಹಾಲೇಶಪ್ಪ! ಈ ಯಮ್ಮಂಗೆ ಎಚ್ಚರ ಇಲ್ಲ!”

ತುಟಿ ಒಣಗಿ ಬಿರಿದಿತ್ತು. ಮೈ ಕೆಂಡದಂತಿತ್ತು. ರುದ್ರಪ್ಪನವರು ಮುಂದಿನ ಸೀಟಿನಿಂದ ಹಿಂದಕ್ಕೆ ದಾಟಿಬಂದು ಹೆಂಡತಿಯ ಕೈ ಹಿಡಿದುಕೊಂಡರು. ಫಿರಿ ಜೀಪನ್ನು ಜೋರಾಗಿ ಓಡಿಸಿದರು. ಒಂದು ತಿರುವು ದಾಟಿದ್ದೇ ತಡ, ಗಕ್ಕನೆ ನಿಲ್ಲಿಸಿ ಎಂಜಿನ್ ಆರಿಸಿಬಿಟ್ಟರು.

ದಾರಿಯ ಮೇಲೆ ಆನೆಗಳಿದ್ದವು. ಹೆಣ್ಣಾನೆಗಳ ದೊಡ್ಡ ಹಿಂಡು, ಕಾಲ ಕೆಳಗೆ ಮರಿಗಳು. ಹೊಳೆಯ ಕಡೆಗೆ ಹೋಗುತ್ತಿದ್ದವು, ಆದರೆ ಅವಕ್ಕೆ ಯಾವ ಅವಸರವೂ ಇರಲಿಲ್ಲ. ಮುಂದಿದ್ದ ದೊಡ್ಡ ಆನೆ ನಮ್ಮ ಕಡೆ ತಿರುಗಿ ಕಿವಿ ಅಗಲಿಸಿ ನಿಂತಿತು. ಫಿರಿ ಹಿಂದಕ್ಕೆ ಕೈ ಚಾಚಿ, ಯಾರೂ ಅಲುಗಬೇಡಿ ಎಂದು ಸನ್ನೆ ಮಾಡಿದರು.

ರುದ್ರಪ್ಪನವರು ಪಿಸುದನಿಯಲ್ಲೇ ನನ್ನ ಮೇಲೆ ಎಗರಿದರು. “ಹಾರನ್ ಹೊಡಿಯಾಕೆ ಹೇಳ್ರಿ! ಇಲ್ಲಿ ಜೀವ ಹೋಗ್ತಾ ಐತೆ.”

“ಹಾರನ್ ಹೊಡೆದ್ರೆ ನಮ್ಮೆಲ್ಲರ್ದೂ ಹೋಗತ್ತೆ ರುದ್ರಪ್ಪನವರೆ. ವಸಿ ತಡೀರಿ.”

ಗಿರಿಜಮ್ಮ ಮೇಡಂ ಆಗಲೇ ಒದ್ದೆ ಬಟ್ಟೆಯನ್ನು ಪಾರ್ವತಮ್ಮನವರ ಕುತ್ತಿಗೆಗೆ, ಹಣೆಗೆ ಇಡುತ್ತಿದ್ದರು. ಬುತ್ತಿಯಲ್ಲಿದ್ದ ಸಕ್ಕರೆ, ಚಿಟಿಕೆ ಉಪ್ಪನ್ನು ಲೋಟದ ನೀರಿಗೆ ಕಲಕಿ ಸಿದ್ಧವಾಗಿಟ್ಟುಕೊಂಡಿದ್ದರು. ಎಚ್ಚರವಾಗದೆ ಬಾಯಿಗೆ ಹಾಕುವಂತಿರಲಿಲ್ಲ. ಒಂದು ಮರಿ ದಾರಿಯ ನಡುವೆ ನಿಂತು ಮಣ್ಣೆರಚಿಕೊಂಡು ಆಡತೊಡಗಿತು. ಅದರ ತಾಯಿ ಕಾಯುತ್ತಾ ನಿಂತಿತು. ನಾವೂ ಕಾದೆವು. ಬಸವನಗೌಡರು ಕಣ್ಣು ಮುಚ್ಚಿ ಕೈ ಮುಗಿದುಕೊಂಡಿದ್ದರು, ಅವರ ಬಾಯಿಂದ ಒಂದು ಶಬ್ದ ಬರಲಿಲ್ಲ. ಅವರನ್ನು ನಾನು ಹಾಗೆ ನೋಡಿದ್ದು ಅದೊಂದೇ ಸಲ.

“ಪಾರ್ವತಿ,” ಎಂದರು ರುದ್ರಪ್ಪನವರು. ಎಲ್ಲರೆದುರಿಗೆ ಅವರು ಹೆಂಡತಿಯನ್ನು ‘ಏ ಇವಳೇ’ ಎಂದು ಬಿಟ್ಟು ಬೇರೆ ಕರೆದಿರಲಿಲ್ಲ. “ಪಾರ್ವತೀ, ಕಣ್ಣು ಬಿಡೇ. ನಾನಿದೀನಿ, ಕಣ್ಣು ಬಿಡು.”

ಒದ್ದೆ ಬಟ್ಟೆ ಇನ್ನೊಂದು ಸಲ ಬದಲಾಯಿಸುವಷ್ಟರಲ್ಲಿ ರೆಪ್ಪೆ ಅದುರಿತು. ಮೇಡಂ ಅವರನ್ನು ಎತ್ತಿ ಕೂರಿಸಿ ಗುಟುಕು ಗುಟುಕಾಗಿ ಕುಡಿಸಿದರು. ಪಾರ್ವತಮ್ಮನವರು ಗಂಡನ ಮುಖ ನೋಡಿದರು, ಆಮೇಲೆ ಮುಂದೆ ನೋಡಿದರು.

“ಎಷ್ಟು ಚೆಂದ ಐತ್ರೀ ಮರಿ,” ಎಂದರು.

ರುದ್ರಪ್ಪನವರು ಅತ್ತರು. ಖಾಕಿ ಅಂಗಿಯ ತೋಳಿನಿಂದ ಕಣ್ಣು ಒರೆಸಿಕೊಳ್ಳುತ್ತಾ ಮಕ್ಕಳ ಹಾಗೆ ಅತ್ತರು. ಆನೆಗಳು ದಾಟಿದವು. ಬಿಡಾರ ಸೇರುವ ಹೊತ್ತಿಗೆ ಪಾರ್ವತಮ್ಮನವರು ಎರಡು ಲೋಟ ಕುಡಿದಿದ್ದರು. ಹತ್ತಿರದ ಬಿಡಾರದಲ್ಲಿದ್ದ ಒಬ್ಬ ನರ್ಸಮ್ಮ ಬಂದು ನೋಡಿ, ನೀರು ಸಾಲದೆ ಹೀಗಾಗಿದೆ, ವಿಶ್ರಾಂತಿ ಸಾಕು ಎಂದರು.

ಆಮೇಲೆ ಗಿರಿಜಮ್ಮ ಮೇಡಂ ನನ್ನನ್ನು ಒಂದು ಮರದ ಕೆಳಗೆ ಕರೆದರು. ಅವರು ಕನ್ನಡಕ ತೆಗೆದು ಒರೆಸತೊಡಗಿದರೆಂದರೆ ಜಗಳೂರಿನ ಶಾಲೆಯೇ ನಡುಗುತ್ತಿತ್ತು ಎಂದು ಕೇಳಿದ್ದೆ. ಅಲ್ಲಿ ನಡುಗಲು ನಾನೊಬ್ಬನೇ ಇದ್ದೆ.

“ಆ ಯಮ್ಮ ಯಾಕೆ ನೀರು ಬ್ಯಾಡ ಅಂದ್ರು?”

“ದಾಹ ಇಲ್ಲ ಅಂದ್ರು ಮೇಡಂ. ನಾನು ಕೇಳ್ದೆ.”

“ಈ ಬಿಸಿಲಾಗೆ ಮರಕ್ಕೂ ದಾಹ ಆಗತ್ತೆ. ನೀರು ಕುಡಿದ್ರೆ ಆಮೇಲೆ ಗಾಡಿ ಇಳೀಬೇಕಲ್ರಿ! ಎಲ್ಲಿ ಇಳೀತಾರೆ? ನೀವು ಗಂಡಸ್ರು ಗಾಡಿ ಹಿಂದೆ ನಿಂತ್ರೆ ಆತು. ನಾವು ಯಾರ್ನ ಕೇಳಾಕೆ ಹೋಗಾಣ? ಆ ಡ್ರೈವರ್‌ನ? ನಿಮ್ಮನ್ನ? ನಾನೂ ಬೆಳಿಗ್ಗೆಯಿಂದ ಕುಡಿದಿದ್ದು ಎರಡು ಗುಟುಕು. ಬಸವಾಪಟ್ಟಣದ ಯಮ್ಮ ಅದೂ ಇಲ್ಲ.”

ಕಾಶಿಗೆ ಹೋದ ಬಸ್ಸುಗಳಲ್ಲಿ ಹೆಂಗಸರು ಚಹಾ ಬೇಡ, ಎಳನೀರು ಬೇಡ ಎಂದದ್ದೆಲ್ಲ ಒಂದೊಂದಾಗಿ ಕಣ್ಣ ಮುಂದೆ ಬಂತು. ಅದನ್ನೆಲ್ಲ ನಾನು ಉಪವಾಸ, ವ್ರತ ಎಂದು ತಿಳಿದುಕೊಂಡಿದ್ದೆ.

ಇಬ್ಬರೂ ಹೋಗಿ ಫಿರಿಯವರಿಗೆ ಹೇಳಿದೆವು. ಅವರು ನಗಲಿಲ್ಲ. ಪ್ರತಿ ಗುಂಪಿನಲ್ಲೂ ಇದಕ್ಕೊಂದು ಗುಟ್ಟಿನ ಮಾತು ಇರುತ್ತದೆ, ಟೈರು ನೋಡಬೇಕು ಎನ್ನುವವರಿದ್ದಾರೆ, ನಿಮ್ಮವರು ಏನೂ ಹೇಳದೆ ಇದ್ದದ್ದು ನೋಡಿ ನಿಮ್ಮ ಪದ್ಧತಿಯೇ ಹಾಗೆ ಎಂದುಕೊಂಡೆ ಎಂದರು. ಮೇಡಂ, “ನಮಗೆ ಗುಟ್ಟಿನ ಮಾತು ಬ್ಯಾಡ. ‘ಗಾಡಿ ನಿಲ್ಸ್ರಿ’ ಅಂತೀವಿ. ಅಂದ ಕೂಡಲೇ ನಿಲ್ಸಬೇಕು” ಎಂದು ಇಂಗ್ಲಿಷಿನಲ್ಲಿ ವಿವರಿಸಿ, ಆ ಎರಡು ಕನ್ನಡ ಪದಗಳನ್ನು ಅವರಿಗೆ ಕಂಠಪಾಠ ಮಾಡಿಸಿದರು. ಫಿರಿ ಮೊದಲು ಇಳಿದು ಸುತ್ತ ನೋಡಬೇಕು. ಆಮೇಲೆ ಜೀಪಿನ ಬಲಗಡೆ ಮೇಡಂ ತಮ್ಮ ಚಾದರ ಹಿಡಿಯುತ್ತಾರೆ. ರುದ್ರಪ್ಪನವರು ಗಂಡಸರನ್ನೆಲ್ಲ ಕೂರಿಸಿಕೊಂಡು ತಮ್ಮ ಲೆಕ್ಕದಲ್ಲೊಂದು ಕಾನೂನು ಮಾಡಿದರು: “ಹೆಂಗಸ್ರು ನಿಲ್ಸ್ರಿ ಅಂದ್ರೆ ಗಂಡಸ್ರ ಮುಖ ಎಡಕ್ಕೆ. ಅವರು ಹೇಳೋತನಕ ತಿರುಗಂಗಿಲ್ಲ. ಗೌಡ್ರೆ, ನಿಮಗೂ ಸೇರಿಸಿ.”

ಎಲ್ಲ ಸರಿಹೋಯಿತೆನ್ನುವಾಗ ಅವರೇ ಹೆಂಡತಿಗೆ, “ನಾಳೆಯಿಂದ ನೀನು ಎಲ್ಲೂ ಬರಾಕೆ ಹೋಗಬ್ಯಾಡ. ಇಲ್ಲೇ ಮಲಗು” ಎಂದರು.

ಪಾರ್ವತಮ್ಮನವರು ತಲೆ ಎತ್ತದೆ ಹೇಳಿದರು. “ನಾನು ಸಮುದ್ರ ದಾಟಿ ಮಲಗಾಕೆ ಬಂದಿಲ್ಲ.”

ಒಂದು ದಿನ ವಿಶ್ರಾಂತಿ ತೆಗೆದುಕೊಂಡರು, ಅಷ್ಟೇ. ಮರುದಿನ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಜೀಪಿನ ಹತ್ತಿರ ನಿಂತಿದ್ದರು. ತಾವು ತಂದಿದ್ದ ನೀಲಿ ಸೀರೆಯನ್ನು ನೊಣಕ್ಕೆ ಬಿಟ್ಟುಕೊಟ್ಟು, ಗಿರಿಜಮ್ಮ ಮೇಡಂ ಅವರ ಕಂದು ಸೀರೆ ಉಟ್ಟಿದ್ದರು. ಗಂಡನ ಮುಖವನ್ನೇ ನೋಡುತ್ತಾ ಒಂದು ದೊಡ್ಡ ಲೋಟ ನೀರು ಪೂರ್ತಿ ಕುಡಿದು, ಲೋಟ ಕೆಳಗಿಟ್ಟು, ಹತ್ತಿ ಕೂತರು. ರುದ್ರಪ್ಪನವರು ಖಾಲಿ ಲೋಟ ಎತ್ತಿಕೊಂಡು ಹಿಂದೆಯೇ ಹತ್ತಿದರು.

ಆ ದಿನ ಮೊದಲು ಗಾಡಿ ನಿಲ್ಲಿಸಿದವರು ಬಸವಾಪಟ್ಟಣದ ಹೆಣ್ಣುಮಗಳು. ದನಿ ಎಷ್ಟು ಸಣ್ಣದಾಗಿತ್ತೆಂದರೆ ಮೇಡಂ ಅದನ್ನು ದೊಡ್ಡದು ಮಾಡಿ ಹೇಳಬೇಕಾಯಿತು. ಫಿರಿ ಇಳಿದು ಪೊದೆಗಳನ್ನೆಲ್ಲ ನೋಡಿದರು, ಚಾದರ ಎದ್ದಿತು, ನಾವು ಗಂಡಸರು ಎಡಕ್ಕೆ ತಿರುಗಿ ಒಂದು ಒಣ ಮರವನ್ನು ಭಕ್ತಿಯಿಂದ ನೋಡಿದೆವು. ಮಧ್ಯಾಹ್ನದ ಹೊತ್ತಿಗೆ ಸಂಕೋಚವೆಲ್ಲ ಹೋಗಿತ್ತು. ಗೌಡರಿಗೆ ಬಾಯಿ ತಿರುಗಿ ಬಂದಿತ್ತು.

“ಆನೆಗಿಂತ ಹೆಚ್ಚು ಸಲ ನೀವೇ ಗಾಡಿ ನಿಲ್ಸಿದ್ರಲ್ರಿ ಟೀಚರ್ರೆ!”

“ಗೌಡ್ರೆ, ಬೆಳಿಗ್ಗೆಯಿಂದ ನೀವು ಎಷ್ಟು ಸಲ ಇಳಿದ್ರಿ? ಅದೇನು ಜಿರಾಫೆ ಮಾತಾಡ್ಸಾಕಾ?”

ಬಾಟಲಿಗಳು ಹೆಂಗಸರ ಕಡೆಯಿಂದಲೂ ಖಾಲಿಯಾಗಿ ಬರತೊಡಗಿದವು. ಮೇಡಂ ಬಿಟ್ಟು ಉಳಿದ ಇಬ್ಬರೂ ಮಾತಾಡತೊಡಗಿದ್ದು ನನಗೆ ಆಶ್ಚರ್ಯವೆನಿಸಿತು. ಅಷ್ಟು ದಿನ ಅವರು ಸುಮ್ಮನಿದ್ದದ್ದು ಸ್ವಭಾವದಿಂದ ಎಂದುಕೊಂಡಿದ್ದೆ. ಪಾರ್ವತಮ್ಮನವರಂತೂ ದೂರದ ಹಕ್ಕಿಯನ್ನು ಫಿರಿಗಿಂತ ಮೊದಲೇ ಕಂಡು ತೋರಿಸುತ್ತಿದ್ದರು. ಕೆರೆ ಏರಿಯ ಮೇಲೆ ಬೆಳೆದ ಕಣ್ಣು.

ಸಿಂಹ ಕಂಡಿತು, ಜಿರಾಫೆ, ಪಟ್ಟೆಕುದುರೆ, ಕಾಡೆಮ್ಮೆ ಎಲ್ಲ ಕಂಡವು. ಚಿರತೆಯೊಂದು ಮಾತ್ರ ಕಾಣಲಿಲ್ಲ. ಅದು ಕಾಣದಿದ್ದರೆ ಊರಿಗೆ ಹೋಗಿ ಹೇಗೆ ಮುಖ ತೋರಿಸುವುದೆಂದು ರುದ್ರಪ್ಪನವರು ಫಿರಿಯನ್ನು ಪೀಡಿಸಿದರು. ಕೊನೆಯ ದಿನದ ಸಂಜೆಯ ಸುತ್ತು ಮುಗಿಯುತ್ತಾ ಬಂದಿತ್ತು. ಉದ್ದ ಸೋರೆಕಾಯಿಯಂಥ ಕಾಯಿಗಳು ಜೋತುಬಿದ್ದ ಒಂದು ದೊಡ್ಡ ಮರದ ಪಕ್ಕ ಹೋಗುತ್ತಿದ್ದೆವು.

“ಗಾಡಿ ನಿಲ್ಸ್ರಿ!” ಎಂದರು ಪಾರ್ವತಮ್ಮ.

ದನಿ ಗಟ್ಟಿಯಾಗಿಯೇ ಇತ್ತು. ಫಿರಿ ಫಕ್ಕನೆ ನಿಲ್ಲಿಸಿದರು. ರುದ್ರಪ್ಪನವರು, “ಎಡಕ್ಕೆ!” ಎಂದರು. ಗೌಡರು, ಸಾಸ್ವೆಹಳ್ಳಿಯವರು, ಬಸವಾಪಟ್ಟಣದ ಹೆಣ್ಣುಮಗಳ ಗಂಡ, ನಾನು, ಎಲ್ಲರೂ ಒಂದೇ ಸಲ ಎಡಕ್ಕೆ ಕತ್ತು ತಿರುಗಿಸಿದೆವು. ಗಿರಿಜಮ್ಮ ಮೇಡಂ ಚಾದರ ಝಾಡಿಸಿ ಬಲಗಡೆಗೆ ಅಗಲವಾಗಿ ಹಿಡಿದರು.

“ಅಯ್ಯೋ, ಅದಕ್ಕಲ್ರೀ!” ಪಾರ್ವತಮ್ಮನವರ ದನಿ ಪಿಸುಗುಟ್ಟುತ್ತಿತ್ತು. “ಅಲ್ಲಿ ನೋಡ್ರಿ... ಮರದಾಗೆ... ಆ ಸೋರೆಕಾಯಿ ಅಲ್ಲಾಡ್ತಾ ಐತೆ.”

ಯಾರೂ ತಿರುಗಲಿಲ್ಲ. ಅವರು ಹೇಳೋತನಕ ತಿರುಗಬಾರದು ಎಂಬ ಕಾನೂನಿತ್ತು, ಮತ್ತೆ ಹೆಂಗಸರು ಸಂಕೋಚದಿಂದ ಏನೋ ನೆಪ ಹೇಳುತ್ತಿದ್ದಾರೆ ಎಂದು ನಾವು ಸಭ್ಯರು ಅರ್ಥ ಮಾಡಿಕೊಂಡೆವು. ರುದ್ರಪ್ಪನವರು, “ಇರ್ಲಿ ಇರ್ಲಿ, ನಿಧಾನಕ್ಕೆ ಆಗ್ಲಿ” ಎಂದು ಧೈರ್ಯ ಕೂಡ ಹೇಳಿದರು. ಕನ್ನಡ ಬಾರದ ಫಿರಿ ಒಬ್ಬರೇ ಪಾರ್ವತಮ್ಮನವರ ಬೆರಳು ತೋರಿಸಿದ ಕಡೆ ನೋಡಿದ್ದು. “ಲೆಪರ್ಡ್” ಎಂದು ಅವರು ಉಸಿರಿದಾಗ ನಾವೆಲ್ಲ ಗಡಬಡಿಸಿ ಬಲಕ್ಕೆ ತಿರುಗಿದೆವು. ಕಂಡದ್ದು ಚಾದರ. ಮೇಡಂ ಅದನ್ನು ಇಳಿಸುವಷ್ಟರಲ್ಲಿ ಮರದ ಕೊಂಬೆ ಖಾಲಿ, ಸೋರೆಕಾಯಿಯಂತೆ ಜೋತಿದ್ದ ಬಾಲವೂ ಇಲ್ಲ. ಕೆಳಗಿನ ಹುಲ್ಲು ಮಾತ್ರ ಅಲುಗಾಡುತ್ತಿತ್ತು.

ಬಿಡಾರದವರೆಗೂ ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಪಾರ್ವತಮ್ಮನವರು ಮಾತ್ರ ದಾರಿಯುದ್ದಕ್ಕೂ ನಗುತ್ತಿದ್ದರು. ಈ ಸಲ ಬಾಯಿಗೆ ಸೆರಗು ಅಡ್ಡ ಹಿಡಿದಿರಲಿಲ್ಲ.

ಚನ್ನಗಿರಿಗೆ ಬಂದ ಮೇಲೆ ಯಜಮಾನರು, “ಊಟ ಹೆಂಗಿತ್ತು?” ಎಂದು ಕೇಳಿದರು. ಚೆನ್ನಾಗಿತ್ತು ಎಂದೆ. ಆಮೇಲೆ ಉಳಿದದ್ದನ್ನೂ ಹೇಳಿದೆ. ಅವರು ಎಲೆ ಅಡಿಕೆ ಅಗಿಯುತ್ತಾ, “ನಮ್ಮನೆಯೋಳೂ ಬಸ್ಸಿನಾಗೆ ನೀರು ಕುಡಿಯಲ್ಲ. ಯಾಕೆ ಅಂತ ನಾನೂ ಕೇಳಿಲ್ಲ” ಎಂದರು. ಮುಂದಿನ ಪ್ರವಾಸದಿಂದ ನಮ್ಮ ಬಸ್ಸುಗಳು ಎಲ್ಲೆಲ್ಲಿ ನಿಲ್ಲಬೇಕೆಂಬುದನ್ನು ಊಟದ ಜಾಗಕ್ಕಿಂತ ಮೊದಲು ಗೊತ್ತು ಮಾಡತೊಡಗಿದೆವು. ಹೊರಡುವ ಮುಂಚೆ ನಾನು ಆಡುವ ಮೊದಲ ಮಾತು ಅದೇ ಆಯಿತು. ಮೊದಮೊದಲು ಗಂಡಸರು ನಗುತ್ತಿದ್ದರು. ನೀವು ಹೇಳಿದಾಗಲೂ ನಗುತ್ತಾರೆ. ನಗಲಿ ಬಿಡಿ, ಹೇಳಿ.

ಸ್ವಲ್ಪ ದಿನಗಳ ಮೇಲೆ ರುದ್ರಪ್ಪನವರ ಮನೆಗೆ ಹೋಗಿದ್ದೆ. ಅವರು ಮತ್ತೆ ಬಿಳಿಗೆ ಮರಳಿದ್ದರು. ಪಡಸಾಲೆಯ ತುಂಬ ಜನ. ನೆಂಟರು, ಮಂಡಿಯವರು, ಪಕ್ಕದ ಮನೆಯವರು. ರುದ್ರಪ್ಪನವರು ಎದ್ದು ನಿಂತು ಕೈ ಆಡಿಸುತ್ತಾ ಚಿರತೆಯ ಕಥೆ ಹೇಳುತ್ತಿದ್ದರು. ಅದು ಕೊಂಬೆಯ ಮೇಲೆ ಹೇಗೆ ಮಲಗಿತ್ತು, ಹೇಗೆ ಕಣ್ಣು ಬಿಟ್ಟಿತು, ಇವರ ಕಡೆ ಹೇಗೆ ನೋಡಿತು. ನನ್ನನ್ನು ಕಂಡು ಒಂದು ಕ್ಷಣ ತಡವರಿಸಿ, “ಕೇಳ್ರಿ ಬೇಕಾದ್ರೆ, ಹಾಲೇಶಪ್ಪನೋರೂ ಇದ್ರು” ಎಂದರು. ಗೌಡರು ಹುಡುಕಿದ್ದ ಸಾಕ್ಷಿಯ ಕೆಲಸ ನನ್ನ ಪಾಲಿಗೆ ಬಂದಿತ್ತು. ನಾನು ನೆಲ ನೋಡಿದೆ.

ಒಳಗಿನ ಬಾಗಿಲಿಂದ ದನಿ ಬಂತು. “ಬಾಲ ಯಾವ ಕಡೆ ಇತ್ತು ಅಂತ ಕೇಳ್ರಿ ಅವರ್ನ.”

ರುದ್ರಪ್ಪನವರು ಹೆಂಡತಿಯನ್ನು ನೋಡಿದರು, ನನ್ನನ್ನು ನೋಡಿದರು, ಆಮೇಲೆ ತಾವು ಎದ್ದಿದ್ದ ಕುರ್ಚಿಯನ್ನೇ ಮುಂದಕ್ಕೆ ಎಳೆದು, “ನೀನೇ ಹೇಳು ಬಾ” ಎಂದರು.

ಪಾರ್ವತಮ್ಮನವರು ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತಾ ಬಂದು, ಅಷ್ಟು ಜನ ಗಂಡಸರ ನಡುವೆ ಆ ಕುರ್ಚಿಯಲ್ಲಿ ಕೂತರು.

“ಮೊದ್ಲು ಎಲ್ರೂ ಈ ಕಡೆ ತಿರುಗ್ರಿ,” ಎಂದರು.